ಎಲ್ಲರ ಕಣ್ಣು ಹೊರಳಿದ ಕಡೆ

ಸಂಪಗಾಂವ,
ಫೆಬ್ರುವರಿ ೨೦೦೪, ಗುರುವಾರ

ಜಹೀರ ಭಾಯಿಗೆ ನಿನ್ನ ಹಮೀದಾಳ ಸಲಾಂ.

ನಿನ್ನ ಮಗಳು ಸಿಮ್ರನಳ ಪತ್ರ ನಿನ್ನೆ ಮುಟ್ಟಿತು. ಬರುವ ಸೋಮವಾರ ನಿನ್ನನ್ನು ರಾಮದುರ್ಗದ ಕಚೇರಿಗೆ ಕರೆದುಕೊಂಡು ಹೋಗುತ್ತಾಳಂತೆ, ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಕೊಡಲು. ‘ಅಬ್ಬಾನ ಪರವಾಗಿ ಎಲ್ಲಾ ನಾನ ಮಾತಾಡತೇನಿ ಫುಪ್ಪು, ನೀವು ಚಿಂತಿ ಮಾಡಬ್ಯಾಡ್ರಿ’ ಎಂದು ಬರೆದಿದ್ದಾಳೆ. ಚಿಂತೆ ಶುರುವಾದದ್ದೇ ಆ ಸಾಲು ಓದಿದ ಮೇಲೆ. ಅಂಚೆಯಲ್ಲಿ ಹಾಕಿದರೆ ಸೋಮವಾರದೊಳಗೆ ಮುಟ್ಟುವುದಿಲ್ಲ. ನಿನ್ನ ಹತ್ತಿರ ಕ್ಲೀನರ್ ಆಗಿದ್ದ ಏಜಾಜ ಈಗ ಸ್ವಂತ ಟೆಂಪೋ ಓಡಿಸುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸಿಮ್ರನ, ಇದನ್ನು ಅಬ್ಬಾನಿಗೆ ನೀನೇ ಓದಿ ಹೇಳಬೇಕು. ನಿಧಾನವಾಗಿ ಓದು. ನಡುನಡುವೆ ತಲೆ ಎತ್ತಿ ಅವನ ಮುಖ ನೋಡು.

ಭಾಯಿ, ನಿನಗೆ ಯಾರೂ ಹೇಳದ ಒಂದು ಸುದ್ದಿ ಇದೆ. ನೀನು ಹಾಸಿಗೆ ಹಿಡಿದ ಮೇಲೆ ನನ್ನ ಮಾಸಾಶನ ನಿಂತುಹೋಗಿತ್ತು. ನಿನಗೆ ತಿಳಿಸುವುದು ಬೇಡ ಎಂದು ನಾನೇ ಹೇಳಿದ್ದೆ. ಈಗ ಹೇಳಲೇಬೇಕು, ಏಕೆಂದರೆ ನನಗೆ ಆದದ್ದು ಸೋಮವಾರ ನಿನಗೂ ಆಗಬಹುದು.

ಜ್ವರ ಬಂದು ನನ್ನ ಕಿವಿ ಹೋದಾಗ ನನಗೆ ಹನ್ನೊಂದು ವರ್ಷ, ನಿನಗೆ ಹದಿಮೂರು. ನಿನ್ನ ದನಿ ಇನ್ನೂ ಒಡೆದಿರಲಿಲ್ಲ. ನನ್ನ ತಲೆಯೊಳಗೆ ನಿನ್ನ ದನಿ ಇವತ್ತಿಗೂ ಆ ಹುಡುಗನದೇ. ಕಲಿತ ಮಾತು ನನ್ನ ಬಾಯಲ್ಲಿ ಉಳಿಯಿತು, ಆದರೆ ಅದರ ಅಳತೆ ತಪ್ಪಿತು. ನಾನು ಜೋರಾಗಿ ಮಾತಾಡಿದಾಗ ನೀನು ಅಂಗೈಯನ್ನು ನೆಲದ ಕಡೆ ಮೆಲ್ಲಗೆ ಇಳಿಸಿ ತೋರಿಸುತ್ತಿದ್ದೆ. ನನ್ನನ್ನು ಸಾಲೆ ಬಿಡಿಸಿದರು. ದೊಡ್ಡವನಾಗಿ ಟೆಂಪೋ ಹಿಡಿದ ಮೇಲೆ, ಸೀಟಿನ ಮೇಲೆ ಜನ ಬಿಟ್ಟುಹೋದ ದಿನಪತ್ರಿಕೆಗಳನ್ನು ನೀನು ಪ್ರತಿ ಸಂಜೆ ತಂದು ನನ್ನ ಮುಂದೆ ಹಾಕುತ್ತಿದ್ದೆ. ಕೆಲವು ಸಲ ನಡುವಿನ ಹಾಳೆ ಇರುತ್ತಿರಲಿಲ್ಲ, ಯಾರೋ ಚುರಮುರಿ ತಿನ್ನಲು ಹರಿದುಕೊಂಡಿರುತ್ತಿದ್ದರು. ಮನೆಯ ಮಾತು ಉರ್ದು, ಅದನ್ನು ಓದಲು ನಮ್ಮಿಬ್ಬರಿಗೂ ಬಾರದು. ನನಗೆ ದಕ್ಕಿದ್ದು ಪೇಪರಿನ ಕನ್ನಡ. ಫುಪ್ಪು ಅತ್ತರೂ ವರದಿ ಬರೆದ ಹಾಗೆ ಬರೆಯುತ್ತಾಳೆ ಎಂದು ಸಿಮ್ರನ ನಗುತ್ತಾಳೆ. ನಗಲಿ.

ಪೇಪರಿಗಿಂತ ಮೊದಲು ನೀನು ಇನ್ನೊಂದು ಕಲಿಸಿದ್ದೆ. ಕಿವಿ ಹೋದ ವರ್ಷ ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತು, ನಾನು ಅದಕ್ಕೆ ಬೆನ್ನು ಹಾಕಿ ನಿಂತಿದ್ದೆ. ನೀನು ಜಡೆ ಹಿಡಿದು ಎಳೆದೆ. ಆಮೇಲೆ ಒಂದು ಅಂಗಡಿಯ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿ, ನನ್ನ ಗದ್ದ ಹಿಡಿದು, ಜನ ಎಲ್ಲಿ ನೋಡುತ್ತಾರೋ ಅಲ್ಲಿಗೆ ಮುಖ ತಿರುಗಿಸಿದೆ. ಒಮ್ಮೆ ಹೋರಿ ಹಗ್ಗ ಕಿತ್ತಿತ್ತು. ಒಮ್ಮೆ ಯಾರದೋ ಬೆಲ್ಲದ ಪೆಂಟೆ ಬಿದ್ದಿತ್ತು. ‘ಎಲ್ಲಾರ ಕಣ್ಣ ಎತ್ತಾಗ ಹೊಳ್ಳತಾವ, ನೀನೂ ಅತ್ತಾಗ ಹೊಳ್ಳು’ ಎಂದು ಬಾಯಿ ಅಗಲ ತೆರೆದು ಮತ್ತೆ ಮತ್ತೆ ಹೇಳಿದೆ. ನಾನು ತುಟಿಯ ಮೇಲೆ ಓದಿದ ಮೊದಲ ಮಾತು ಅದು. ಅವತ್ತಿನಿಂದ ಹಾಗೇ ಬದುಕಿದ್ದೇನೆ.

ಮಾಸಾಶನದ ಕೆಲಸಕ್ಕೆ ನೀನು ಜೊತೆಗೆ ಬರುತ್ತಿದ್ದಷ್ಟು ವರ್ಷ ನನಗೆ ಕಚೇರಿ ಎಂದರೇನು ಎಂದು ಗೊತ್ತೇ ಆಗಿರಲಿಲ್ಲ. ಹೆಸರು ಕೂಗಿದರೆ ಏಳುವವನು ನೀನು. ಕೇಳಿದ್ದಕ್ಕೆ ಉತ್ತರ ಕೊಡುವವನು ನೀನು. ಕಾರಕೂನ ನನ್ನ ಕಡೆ ಬೆರಳು ಮಾಡಿ ನಿನ್ನನ್ನು ಕೇಳುತ್ತಿದ್ದ, ‘ಇಕೀಗೆ ಊಟಾ ಬಟ್ಟಿ ಯಾರ ನೋಡತಾರ?’ ಹಳೆ ಸೀರೆ ಜೋಡಿಸಿ ಹೊದೆಯುವ ಕೌದಿ ಹೊಲಿದು ನನ್ನ ಊಟ ಬಟ್ಟೆ ನಾನೇ ನೋಡಿಕೊಳ್ಳುತ್ತಿದ್ದೆ. ನೀನು ‘ನಾ ನೋಡತೇನ್ರಿ ಸಾಹೇಬ್ರ’ ಎನ್ನುತ್ತಿದ್ದೆ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಜಗಳ ತೆಗೆದರೆ, ‘ಅವರ ಮುಂದ ನಿನ್ನ ಕೌದಿ ಬಿಚ್ಚಿ ಹಾಸಾಕ ಹೋದ್ರ ಕತ್ತಲಾಕ್ಕೈತಿ, ಸುಮ್ನಿರು’ ಎಂದು ನಗುತ್ತಿದ್ದೆ.

ಹೋದ ವರ್ಷ ಮೃಗಶಿರಾ ಮಳೆ ಹಿಡಿದ ವಾರ ನಿನಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಸಿಮ್ರನ ನಿನ್ನನ್ನು ತನ್ನ ಮನೆಗೆ ರಾಮದುರ್ಗಕ್ಕೆ ಕರೆದೊಯ್ದಳು. ನಾನು ನೋಡಲು ಬಂದಾಗ ನೀನು ತುಟಿ ಅಲ್ಲಾಡಿಸುತ್ತ ಅತ್ತೆ, ದನಿ ಹೊರಡಲಿಲ್ಲವಂತೆ. ನಿನ್ನ ದನಿ ಹೋದದ್ದು ನನಗೆ ಲೆಕ್ಕಕ್ಕಿರಲಿಲ್ಲ, ಅದು ನನ್ನ ಪಾಲಿಗೆ ಎಂದೋ ಹೋಗಿತ್ತು. ನಾನು ಅತ್ತದ್ದು ತುಟಿಗೆ. ಜಗತ್ತಿನಲ್ಲಿ ನನಗೆ ಪೂರ್ತಿ ತಿಳಿಯುತ್ತಿದ್ದ ತುಟಿ ನಿನ್ನದೊಂದೇ, ಅದು ಒಂದು ಕಡೆ ಜೋತುಬಿದ್ದಿತ್ತು. ನೀನು ಏನು ಹೇಳಿದೆ ಎಂದು ನನಗೆ ಇನ್ನೂ ಗೊತ್ತಿಲ್ಲ.

ಅದಾಗಿ ಕೆಲವೇ ದಿನಕ್ಕೆ, ಮಾಸಾಶನ ಪಡೆಯುವವರನ್ನೆಲ್ಲ ಮತ್ತೆ ತಪಾಸಣೆ ಮಾಡಬೇಕು ಎಂದು ಆದೇಶ ಬಂತು. ಸುದ್ದಿ ತಂದ ವಾಲೀಕಾರ ಸೈಕಲ್ಲಿನಿಂದ ಇಳಿಯದೆ ಬಾಗಿಲ ಮುಂದೆ ನನ್ನ ಹೆಸರು ಕೂಗಿ ಹೋದ. ಓಣಿಯ ಎಲ್ಲರಿಗೂ ಕೇಳಿಸಿತು. ನಾನು ಒಳಗೆ ಕೌದಿ ಹೊಲಿಯುತ್ತಿದ್ದೆ. ‘ಮನ್ಯಾಗ ಇಲ್ಲ’ ಎಂದು ಅವನು ವರದಿ ಕೊಟ್ಟ. ಬಾಜೂ ಮನೆಯ ಶಟ್ಟೆವ್ವ ಸಂಜೆ ಹೊಲದಿಂದ ಬಂದು ಕೈಸನ್ನೆ ಮಾಡಿ ತಿಳಿಸಿದ ಮೇಲೆ ನನಗೆ ಗೊತ್ತಾಯಿತು. ಶಟ್ಟೆವ್ವನಿಗೆ ಓದು ಬರಹ ಇಲ್ಲ, ಆದರೆ ಅವಳು ಯಾರು ಆಡಿದ ಮಾತನ್ನಾದರೂ ಅಭಿನಯ ಮಾಡಿ ತೋರಿಸಬಲ್ಲಳು.

ಯಾವ ಊರಿನ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತಿದೆ. ಮೊದಲ ಸಲ ಒಬ್ಬಳೇ ಹೋದೆ. ಹೊರಗಿನ ಕಟ್ಟೆಯ ಮೇಲೆ ಮುಂಜಾನೆಯಿಂದ ಕುಳಿತೆ. ಪಟ್ಟೇವಾಲಾ ಅಂದಾನೆಪ್ಪ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾನೆ. ಅವನ ಮೇಲ್ದುಟಿಯ ಮೇಲೆ ಮೀಸೆ, ಕೆಳದುಟಿಯೊಳಗೆ ತಂಬಾಕು. ತುಟಿ ಅಲ್ಲಾಡುವುದು ನೊಣಕ್ಕೂ ಕಾಣಲಿಕ್ಕಿಲ್ಲ. ಜನ ಕರಗಿದ ಮೇಲೆ ಒಳಗೆ ಹೋಗಿ ಕೇಳಿದರೆ ನನ್ನ ಹೆಸರಿನ ಮುಂದೆ ಗೈರುಹಾಜರು ಎಂದು ಬರೆದಿತ್ತು. ಇಲ್ಲೇ ಇದ್ದೆನ್ರಿ, ನನಗ ಕೇಳಸೂದಿಲ್ಲರಿ ಎಂದೆ. ಕಾರಕೂನ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ‘ಮಾತು ಚಲೋ ಆಡತೀಯಲ್ಲ ಬೂಬವ್ವ’ ಎಂದದ್ದು ತುಟಿಯ ಮೇಲೆ ತಿಳಿಯಿತು.

ಎರಡನೇ ಸಲ ಶಟ್ಟೆವ್ವನನ್ನು ಕರೆದುಕೊಂಡು ಹೋದೆ. ಕಾರಕೂನ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ ಏನೂ ಕೇಳದೆ ಕಾಗದ ನೋಡುತ್ತ ಕುಳಿತ. ಹಿಂದೆ ನಿಂತಿದ್ದ ಯಾರೋ ಕಬ್ಬಿಣದ ದೊಡ್ಡ ಬೀಗವನ್ನು ಫರಸಿಕಲ್ಲಿನ ನೆಲದ ಮೇಲೆ ಒಗೆದರು. ಕೋಣೆಯ ಎಲ್ಲರ ಕಣ್ಣು ಆ ಕಡೆ ಹೋದವು. ನಾನೂ ಹೊರಳಿ ನೋಡಿದೆ. ಮತ್ತೆ ಈ ಕಡೆ ತಿರುಗಿದಾಗ ಕಾರಕೂನ ನಗುತ್ತಿದ್ದ, ಬರೆಯುತ್ತಿದ್ದ. ಅವನು ಅಂದದ್ದನ್ನು ಶಟ್ಟೆವ್ವ ಹೊರಗೆ ಬಂದು ಮೂಗು ಮೇಲೆತ್ತಿ ಆಡಿ ತೋರಿಸಿದಳು: ‘ಕೇಳಿಸ್ತದಲ್ಲ! ನಾ ಹೇಳಿದ್ದಿಲ್ಲೇನು?’

ಮಾಸಾಶನ ನಿಂತಿತು. ನೀನು ಗದ್ದ ಹಿಡಿದು ಕಲಿಸಿದ್ದು ಲಾರಿಯಿಂದ ಉಳಿಸಿತ್ತು, ಬೀಗದ ಮುಂದೆ ಸೋಲಿಸಿತು. ಸಿಟ್ಟು ಮಾಡಲಿಕ್ಕೂ ಒಂದಿಷ್ಟು ತ್ರಾಣ ಬೇಕು. ಮನೆಗೆ ಬಂದು ಮಲಗಿದೆ.

ಆಮೇಲೆ ಒಂದು ಅರ್ಜಿ ಬರೆದೆ. ನನಗೆ ಕಿವಿ ಕೇಳುವುದಿಲ್ಲ, ಓದಲು ಬರೆಯಲು ಬರುತ್ತದೆ. ದಯಮಾಡಿ ಹೆಸರು ಕೂಗುವ ಬದಲು ಬರೆದು ತೋರಿಸಿರಿ. ಕೇಳುವುದನ್ನು ಬರೆದು ಕೇಳಿರಿ, ನನ್ನನ್ನೇ ಕೇಳಿರಿ. ಇಷ್ಟೇ. ಕಾರಕೂನ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ಇದಕ್ಕ ನಮೂನಿ ಇಲ್ಲ, ನಮೂನಿ ಇಲ್ದ ಅರ್ಜಿ ಎಲ್ಲಿ ಇಡೂದು ಎಂದನಂತೆ. ‘ನಿಮ್ಮ ತಲಿದಿಂಬಿನ ಕೆಳಗ ಇಟಗೊಳ್ರಿ, ನಿದ್ದಿ ಚಲೋ ಹತ್ತತೈತಿ’ ಎಂದು ಶಟ್ಟೆವ್ವ ಹೇಳಿ ಬಂದಳು. ಅರ್ಜಿ ಅಲ್ಲೇ ಉಳಿಯಿತು. ಎಷ್ಟು ಸಲ ಹೋದರೂ ಅದೇ ಕಟ್ಟೆ, ಅದೇ ಮೀಸೆ. ಒಮ್ಮೊಮ್ಮೆ ಬಿಟ್ಟುಬಿಡೋಣ ಅನಿಸುತ್ತಿತ್ತು. ಆದರೆ ಆ ವರ್ಷ ಕೌದಿ ಕೇಳುವವರು ಕಡಿಮೆಯಾಗಿದ್ದರು, ಪೇಟೆಗೆ ಬಣ್ಣದ ಚಾದರ ಬಂದಿದ್ದವು.

ಡಿಸೆಂಬರಿನಲ್ಲಿ ಹೊಸ ಸಾಹೇಬರು ಬಂದರು. ಮಾಸಾಶನ ನಿಂತವರನ್ನು ತಾವೇ ನೋಡುತ್ತೇವೆ ಎಂದು ಒಂದು ದಿನ ಗೊತ್ತು ಮಾಡಿದರು. ಶಟ್ಟೆವ್ವನಿಗೆ ಹೊಲದ ಕೆಲಸ, ಬರಲಾಗಲಿಲ್ಲ. ಬುದ್ಧಿ ಮಾತ್ರ ಕಟ್ಟಿ ಕಳಿಸಿದಳು: ‘ನೆಲಾ ನೋಡಕೋತ ಕುಂಡ್ರು. ಸಿಡ್ಲ ಬಿದ್ರೂ ಕತ್ತ ಎತ್ತಬ್ಯಾಡ.’

ಹಾಗೇ ಕುಳಿತೆ. ಬಾಜೂ ಒಬ್ಬ ಮುದುಕ ಬಂದು ಕೂತು ನನಗೆ ಏನೋ ಹೇಳಿದ. ನಾನೂ ಏನೋ ಹೇಳಿದೆ. ಅವನು ಬೇರೆಯದೇನೋ ಹೇಳಿದ. ಬಹಳ ಹೊತ್ತಿನ ಮೇಲೆ ಇಬ್ಬರಿಗೂ ಕೇಳಿಸುವುದಿಲ್ಲ ಎಂದು ತಿಳಿದು ಇಬ್ಬರೂ ನಕ್ಕೆವು. ಅವನ ಚೀಟಿಯಲ್ಲಿ ಲಕ್ಕಪ್ಪ ಎಂದಿತ್ತು.

ನೆಲ ನೋಡುತ್ತ ಕುಳಿತವರಿಗೆ ಕಾಲು ಕಾಣುತ್ತವೆ. ಹೆಸರು ಕೂಗಿದಾಗ ಒಂದು ಜೋಡಿ ಕಾಲು ಎದ್ದು ಹೋಗುತ್ತದೆ. ಒಮ್ಮೆ ಯಾವ ಕಾಲೂ ಏಳಲಿಲ್ಲ. ಎಲ್ಲ ಕಾಲುಗಳು ಅತ್ತ ಇತ್ತ ಹೊರಳಿದವು. ನನಗೆ ತಡೆಯಲಾಗಲಿಲ್ಲ, ಕತ್ತು ಎತ್ತಿದೆ. ಜನ ಯಾರನ್ನೋ ಹುಡುಕುತ್ತಿದ್ದರು. ಹೆಣ್ಣುಮಕ್ಕಳ ಕಡೆ ಯಾರೂ ನೋಡಲಿಲ್ಲ, ಮುದುಕರ ಮುಖಗಳನ್ನೇ ನೋಡುತ್ತಿದ್ದರು. ಲಕ್ಕಪ್ಪ ರಸ್ತೆಯ ಕಡೆ ಮುಖ ಮಾಡಿ ನೆಮ್ಮದಿಯಾಗಿ ಕುಳಿತಿದ್ದ. ಬಾಗಿಲಲ್ಲಿ ಅಂದಾನೆಪ್ಪ ಕಾಗದಕ್ಕೆ ಪೆನ್ನು ಹಚ್ಚುತ್ತಿದ್ದ. ಅವನ ಹಿಂದೆ ಕಾರಕೂನ ನಿಂತಿದ್ದ, ನನ್ನನ್ನೇ ನೋಡುತ್ತಿದ್ದ.

ಭಾಯಿ, ನಾನು ಲೆಕ್ಕ ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಲಕ್ಕಪ್ಪನನ್ನು ಮುಟ್ಟಿ ಎಬ್ಬಿಸಿದರೆ ನನ್ನ ಮಾಸಾಶನ ಹೋಗುತ್ತದೆ, ಮುಟ್ಟದಿದ್ದರೆ ಅವನದು. ಕಟ್ಟೆಯ ಮೇಲೆ ಕೂತಿದ್ದೇ ಗೈರುಹಾಜರಾಗುವುದು ಏನೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಲಕ್ಕಪ್ಪನ ಹೆಗಲು ಹಿಡಿದು ಅಲ್ಲಾಡಿಸಿ, ಮುತ್ಯಾ, ನಿಮ್ಮನ್ನ ಕರ್ಯಾಕ ಹತ್ಯಾರ ಎಂದೆ. ಎಷ್ಟು ಜೋರಾಗಿ ಅಂದೆನೋ, ಅಂಗೈ ಇಳಿಸಿ ತೋರಿಸಲು ನೀನಿರಲಿಲ್ಲ. ಕಟ್ಟೆಯ ಜನವೆಲ್ಲ ನನ್ನ ಕಡೆ ತಿರುಗಿದರು.

ನನ್ನ ಸರದಿ ಬಂದಾಗ ಕಾರಕೂನ ಸಾಹೇಬರಿಗೆ ಎಲ್ಲವನ್ನೂ ಹೇಳಿ ಮುಗಿಸಿದ್ದ. ನನ್ನ ಕಾಗದಗಳ ಮೇಲೆ ಆ ಅರ್ಜಿ ಇತ್ತು. ಸಾಹೇಬರು ಅದನ್ನು ಓದಿದರು. ನಗಲಿಲ್ಲ, ಮರುಗಲಿಲ್ಲ. ಒಂದು ಹಾಳೆ ತೆಗೆದು ಬರೆದು ನನ್ನ ಕಡೆ ಸರಿಸಿದರು. ‘ಆ ಹಿರಿಯರನ್ನು ಕರೆದದ್ದು ನಿಮಗೆ ಹೇಗೆ ಗೊತ್ತಾಯಿತು?’

ನನ್ನನ್ನು ಹಿಡಿಯಲು ಹಾಕಿದ ಪ್ರಶ್ನೆ ಅದು, ನನಗೆ ತಿಳಿಯದ್ದೇನಲ್ಲ. ಆದರೂ ಆ ಹಾಳೆಯನ್ನು ನೋಡುತ್ತ ನಿಂತುಬಿಟ್ಟೆ. ಆ ಕಚೇರಿಯಲ್ಲಿ ನನ್ನನ್ನೇ ಕೇಳಿದ ಮೊದಲ ಪ್ರಶ್ನೆ ಅದಾಗಿತ್ತು.

ಬರೆದೆ. ಜನ ಯಾರನ್ನೋ ಹುಡುಕುತ್ತಿದ್ದರು, ಮುದುಕರಲ್ಲಿ ಹುಡುಕುತ್ತಿದ್ದರು, ಹುಡುಕದೆ ಕುಳಿತವರು ಅವರೊಬ್ಬರೇ ಎಂದು ಬರೆದೆ. ಬೀಗ ಬಿದ್ದಾಗ ಹೊರಳಿದ್ದು ಏಕೆ ಎಂದು ಬರೆದರು. ಅದೂ ಹಾಗೆಯೇ, ನಿಮ್ಮ ಸಿಬ್ಬಂದಿಯ ಕಣ್ಣು ಹೊರಳಿದವು, ಇದನ್ನು ನನ್ನ ಅಣ್ಣ ಕಲಿಸಿದ ಎಂದು ಬರೆದೆ. ಕೊನೆಗೆ, ಊಟ ಬಟ್ಟೆ ಯಾರು ನೋಡುತ್ತಾರೆ ಎಂದು ಬರೆದರು. ಕೌದಿ ಹೊಲಿದು ನಾನೇ, ಈಗ ಸಾಲುವುದಿಲ್ಲ ಎಂದು ಬರೆದೆ. ನಿನ್ನ ಮೇಲೆ ಹೂಡಿದ್ದ ಹಳೆಯ ಜಗಳ ಅಲ್ಲಿಗೆ ಮುಗಿಯಿತು.

ಮಾಸಾಶನ ಮತ್ತೆ ಚಾಲೂ ಆಗಿದೆ. ನಿಂತಿದ್ದ ತಿಂಗಳುಗಳದು ಬರುವುದಿಲ್ಲವಂತೆ. ಸಾಹೇಬರು ಒಂದು ಪಾಟಿ ತರಿಸಿ ಬಾಗಿಲಿಗೆ ತೂಗುಹಾಕಿಸಿದರು, ಕೇಳಿಸದವರಿಗೆ ಹೆಸರು ಬರೆದು ತೋರಿಸಲು. ಹೋದ ವಾರ ನೋಡಿದೆ. ಅದರ ಮೇಲೆ ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಎಂದಿತ್ತು. ಅಂದಾನೆಪ್ಪ ನನ್ನನ್ನು ಕಂಡವನೇ ತೋಳಿನಿಂದ ಅದನ್ನು ಒರೆಸಿ, ‘ಕೂಡ್ರಿ’ ಎಂದು ಬರೆದು ತೋರಿಸಿದ. ಅಷ್ಟು ಸಿಕ್ಕಿದೆ.

ಈಗ ಸೋಮವಾರದ ಮಾತು. ನಿನಗೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ. ಆದರೆ ಅವರು ನಿನ್ನ ಕಡೆ ಬೆರಳು ಮಾಡಿ ಸಿಮ್ರನಳನ್ನು ಕೇಳುತ್ತಾರೆ. ಸಿಮ್ರನ, ನೀನು ಆಗ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಿನಗೆ ಕಷ್ಟ, ಗೊತ್ತು. ಇದರೊಳಗೆ ಒಂದು ಚೀಟಿ ಮಡಿಚಿ ಇಟ್ಟಿದ್ದೇನೆ. ಅದನ್ನು ಅರ್ಜಿಯ ಮೇಲೆಯೇ ಇಡು. ನಮೂನೆ ಇಲ್ಲ ಎಂದರೂ ಇಡು. ಅದರಲ್ಲಿ ಬರೆದದ್ದು ಇಷ್ಟು: ‘ಇವರಿಗೆ ಮಾತು ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿರಿ. ಎಡಗೈ ಎತ್ತಿದರೆ ಹೌದು, ಎತ್ತದಿದ್ದರೆ ಅಲ್ಲ. ಉತ್ತರಕ್ಕೆ ತುಸು ಹೊತ್ತು ಹಿಡಿಯುತ್ತದೆ, ಕಾಯಿರಿ. ಇವರನ್ನೇ ಕೇಳಿರಿ.’

ಇಷ್ಟು ವರ್ಷ ನೀನು ನನ್ನ ಪರವಾಗಿ ಮಾತಾಡಿದೆ. ನಾನು ನಿನ್ನ ಪರವಾಗಿ ಮಾತಾಡಲು ಬರುವುದಿಲ್ಲ. ಮುಂದಿನ ಶುಕ್ರವಾರ ಸುಮ್ಮನೆ ನಿನ್ನನ್ನು ನೋಡಲು ಬರುತ್ತೇನೆ. ಅವತ್ತು ಅಳುತ್ತ ನೀನು ಹೇಳಿದ್ದು ಏನು ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತೇನೆ. ಸರಿ ಬಂದಾಗ ಕೈ ಎತ್ತು. ಎಷ್ಟು ಹೊತ್ತಾದರೂ ಕೂಡುತ್ತೇನೆ.

ಅಲ್ಲಾಹ ನಿನ್ನ ಎಡಗೈಗೆ ಬಲ ಕೊಡಲಿ, ಕೇಳುವವರಿಗೆ ಕಾಯುವ ತಾಳ್ಮೆ ಕೊಡಲಿ.

ನಿನ್ನ ತಂಗಿ,
ಹಮೀದಾ