ಹತ್ತೊಂಬತ್ತು ಅಂಗಿಗಳ ಪದ್ಯ

ಸಾರ್ವಜನಿಕ ಗ್ರಂಥಾಲಯಗಳ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಕವನ ಸಂಕಲನವನ್ನು ನೀವು ಎಲ್ಲ ಗ್ರಂಥಾಲಯಗಳ ಕಪಾಟಿನಿಂದ ತೆಗೆಸಿದ್ದೀರಿ. ‘ನೂಲಿನ ಗಿರಣಿಯ ಗೇಟಿನ ಬಳಿ ನಡೆದ ಗೋಲಿಬಾರಿನಲ್ಲಿ ಮೃತಪಟ್ಟವರು ಏಳು ಮಂದಿ, ಪದ್ಯದಲ್ಲಿ ಹತ್ತೊಂಬತ್ತು ಅಂಗಿಗಳ ಉಲ್ಲೇಖವಿದೆ, ಇದು ವಾಸ್ತವಾಂಶಕ್ಕೆ ವ್ಯತಿರಿಕ್ತ’ ಎಂದು ಆದೇಶದಲ್ಲಿ ಕಾರಣ ಕೊಟ್ಟಿದ್ದೀರಿ. ಅಕ್ಕನ ಪದ್ಯವನ್ನು ಬೆರಳಿಟ್ಟು ಎಣಿಸುತ್ತಾ ಓದಿದ ಮೊದಲ ಅಧಿಕಾರಿ ನೀವು. ಬದುಕಿದ್ದರೆ ಅವಳಿಗೆ ಸಂತೋಷವಾಗುತ್ತಿತ್ತೇನೋ. ಅವಳು ಬದುಕಿದ್ದಾಗ ಆ ಎಣಿಕೆ ಯಾರಿಗೂ ಬೇಕಿರಲಿಲ್ಲ.

ನಿಮ್ಮ ಆದೇಶದಲ್ಲಿ ಅವಳನ್ನು ‘ಕವಯಿತ್ರಿ’ ಎಂದು ಕರೆದಿದ್ದೀರಿ. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಹಬೆ, ಕಣ್ಣು ಉರಿಸುವ ಬ್ಲೀಚಿಂಗ್ ಪುಡಿ. ಹದಿನಾಲ್ಕು ವರ್ಷದ ಹಿಂದೆ, ಗೋಲಿಬಾರಿನ ಮರುದಿನ, ಶವಾಗಾರದಿಂದ ಎರಡು ಗಂಟು ಬಟ್ಟೆ ಅವಳ ಮುಂದೆ ಬಂದು ಬಿದ್ದವು. ಸಾಕ್ಷ್ಯವಾಗಿ ಕಾದಿಡಬೇಕಾದ ಬಟ್ಟೆಯನ್ನು ಒಗೆಯಲು ಕಳಿಸಿದವರು ಯಾರು ಎಂದು ನೀವು ಕೇಳಬಹುದು. ಅಕ್ಕನೂ ಕೇಳಿದಳು. “ಒಗೆಯೋದು ನಿನ್ನ ಕೆಲಸ. ಕೇಳೋದಲ್ಲ,” ಎಂದನಂತೆ ಮೇಲ್ವಿಚಾರಕ.

ಅವಳು ಒಗೆದಳು. ಒಂದೊಂದನ್ನೇ ಬಿಡಿಸಿ, ಜೇಬು ತಡಕಿ, ಕಾಲರು ಉಜ್ಜಿ ಒಗೆದಳು. ಹತ್ತೊಂಬತ್ತು ಅಂಗಿ. ಸಂಜೆ ಮನೆಗೆ ಬಂದವಳು ಊಟದ ತಟ್ಟೆಯ ಮುಂದೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದಳು. “ಹತ್ತೊಂಬತ್ತು. ಎಷ್ಟು ತಿಕ್ಕಿದ್ರೂ ನೀರು ತಿಳಿಯಾಗ್ಲಿಲ್ಲ ಕಣೇ,” ಎಂದಳು.

ವಿಚಾರಣಾ ಆಯೋಗ ಬಂದಾಗ ಅವಳು ರಜೆ ಹಾಕಿ ಹೇಳಿಕೆ ಕೊಡಲು ಹೋದಳು. ಮೂರು ದಿನ ಪಡಸಾಲೆಯಲ್ಲಿ ನಿಲ್ಲಿಸಿಕೊಂಡರು. ನಾಲ್ಕನೆಯ ದಿನ ಗುಮಾಸ್ತ ಹೊರಬಂದು, “ಡಾಕ್ಟರ ಹೇಳಿಕೆ ಆಗಿದೆಯಮ್ಮ, ಬಟ್ಟೆ ಒಗೆಯೋರದ್ದು ಬೇಕಿಲ್ಲ,” ಎಂದು ಸಾಗಹಾಕಿದ. ಆಮೇಲೆಯೇ ಅವಳು ಬರೆಯತೊಡಗಿದ್ದು. ಅಲ್ಲಿಯವರೆಗೆ ಅವಳು ಕಿರಾಣಿ ಚೀಟಿ ಬಿಟ್ಟು ಬೇರೇನನ್ನೂ ಬರೆದದ್ದನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯ ಬಟ್ಟೆ ಲೆಕ್ಕದ ಹಳೆಯ ಚೀಟಿಗಳ ಬೆನ್ನಿಗೆ, ಅಂಗಿಗೆ ನಾಲ್ಕು ಸಾಲಿನಂತೆ ಬರೆದಳು. ಪುಸ್ತಕ ಬಂದಾಗ ಠಾಣೆಗೆ ಕರೆಸಿ, “ಇದೇನು ಕವಿತೆಯೋ, ಹೇಳಿಕೆಯೋ?” ಎಂದು ಕೇಳಿದರು. “ಹೇಳಿಕೆ ಅಂತ ತಂದಿದ್ದೆ ಸಾರ್. ನೀವು ತಗೊಳ್ಳಲಿಲ್ಲ,” ಎಂದಳು. ಹೋದ ವರ್ಷ ಎದೆಯ ಕಾಯಿಲೆಯಿಂದ ತೀರಿಕೊಂಡಳು.

ಈಗ ನನ್ನ ಮಾತಿಗೆ ಬರುತ್ತೇನೆ. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಅಕ್ಕ ತಟ್ಟೆಯ ಮುಂದೆ ಕೂತು ‘ಹತ್ತೊಂಬತ್ತು’ ಎಂದ ಮರುದಿನ ಗೋಲಿಬಾರಿನ ವರದಿ ನನ್ನ ಮೇಜಿಗೆ ಬಂತು. ‘ಏಳು ಸಾವು’ ಎಂದಿತ್ತು. ಒತ್ತಕ್ಷರ ನೋಡಿದೆ, ಅಲ್ಪವಿರಾಮ ನೋಡಿದೆ, ‘ದುರದೃಷ್ಟಕರ’ ಎಂಬುದರಲ್ಲಿ ಬಿಟ್ಟುಹೋಗಿದ್ದ ಒಂದು ಅಕ್ಷರ ಸೇರಿಸಿದೆ. ತಪ್ಪಿಲ್ಲ ಎಂದು ಸಹಿ ಹಾಕಿ ಅಚ್ಚಿಗೆ ಕಳಿಸಿದೆ. ನೀವು ಇಂದು ವಾಸ್ತವಾಂಶ ಎನ್ನುತ್ತಿರುವುದಕ್ಕೆ ನನ್ನ ಸಹಿಯೂ ಇದೆ, ಮಾನ್ಯರೇ. ಹಾಗಾಗಿ ನಿಮ್ಮ ಮೇಲೆ ಪೂರ್ತಿಯಾಗಿ ಸಿಟ್ಟು ಮಾಡುವ ಯೋಗ್ಯತೆಯೂ ನನಗಿಲ್ಲ.

ಎರಡು ತಿಂಗಳ ಹಿಂದೆ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಅರವತ್ತರ ಮೇಲಿನ ವಯಸ್ಸು. ಆಕೆಯ ಮಗ ಗಿರಣಿಯಲ್ಲಿ ನೂಲು ತುಂಬಿದ ಕದಿರು ಬದಲಿಸುತ್ತಿದ್ದವನು. ಗೋಲಿಬಾರಿನ ದಿನದಿಂದ ಕಾಣೆ. ‘ಹೇಳದೆ ಕೇಳದೆ ಮನೆ ಬಿಟ್ಟುಹೋದವನು’ ಎಂದು ಠಾಣೆಯ ಕಡತದಲ್ಲಿದೆ. ಆಕೆಗೆ ಓದು ಬಾರದು. ನಿಮ್ಮದೇ ಗ್ರಂಥಾಲಯದಿಂದ ಮಗಳು ತಂದ ಪುಸ್ತಕವನ್ನು ಓದಿಸಿ ಕೇಳಿದ್ದರು.

“ಹನ್ನೊಂದನೇ ಅಂಗೀದು ಇನ್ನೊಂದ್ಸಲ ಓದಮ್ಮಾ,” ಎಂದರು. ಓದಿದೆ:

ಬಿಳಿಯಂಗಿ, ಎರಡನೆಯ ಗುಂಡಿಗೆ ನೀಲಿ ದಾರ.
ಹೊಲಿದವಳ ಕೈ ಅವಸರದಲ್ಲಿತ್ತು,
ಗಂಟು ಹೊರಗೇ ಉಳಿದಿತ್ತು.
ನಾನು ಅದನ್ನು ಬಿಚ್ಚಲಿಲ್ಲ.

“ಅವಸರ ಅಲ್ಲ,” ಎಂದರು ಆಕೆ. “ನಂದು ಎಡಗೈ. ಹೆಂಗೆ ಹೊಲಿದ್ರೂ ಗಂಟು ಹೊರಗೇ ಬರುತ್ತೆ. ಅವತ್ತು ಮನೇಲಿ ಬಿಳಿ ದಾರ ಇರಲಿಲ್ಲ.” ಸೆರಗು ಸರಿಸಿ ತಮ್ಮ ರವಿಕೆಯ ತೋಳಿನ ಹೊಲಿಗೆ ತೋರಿಸಿದರು. ಗಂಟು ಹೊರಗಿತ್ತು. ಹದಿನಾಲ್ಕು ವರ್ಷ ಆಕೆಯ ಮಗ ಎಲ್ಲಿದ್ದ ಎಂದು ಯಾವ ಇಲಾಖೆಗೂ ಹೇಳಲಾಗಲಿಲ್ಲ. ಬಟ್ಟೆ ಒಗೆಯುವವಳ ನಾಲ್ಕು ಸಾಲು ಹೇಳಿತು. ಆಕೆ ಅಳಲಿಲ್ಲ. ಒಂದು ಲೋಟ ನೀರು ಕೇಳಿ ಕುಡಿದು, “ಇನ್ನು ಕಾಯೋದು ಬೇಡ ಅಂತಾಯ್ತು,” ಎಂದು ಎದ್ದುಹೋದರು.

ನಿಮ್ಮ ಆದೇಶ ಬಂದದ್ದು ಇದಾದ ಮೂರು ವಾರಕ್ಕೆ. ಮೊನ್ನೆ ಅವರ ಮಗಳು ಬಂದಿದ್ದಳು. ಪುಸ್ತಕ ಸುಳ್ಳಂತೆ, ಸರ್ಕಾರವೇ ಹಾಗೆಂದು ಬರೆದಿದೆಯಂತೆ ಎಂದು ಯಾರೋ ಆ ತಾಯಿಯ ಕಿವಿಗೆ ಹಾಕಿದ್ದಾರೆ. ಕೇಳಿ ಆಕೆಯ ಮುಖ ಅರಳಿತಂತೆ. “ಹಾಗಾದ್ರೆ ಅವನು ಇದಾನೆ,” ಎಂದರಂತೆ. ಆವತ್ತಿನಿಂದ ಒಂದು ತಟ್ಟೆ ಹೆಚ್ಚು ಅನ್ನ ಮಾಡುತ್ತಿದ್ದಾರೆ. ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪದ್ಯ ನಿಜವಾದರೆ ಪುಸ್ತಕವನ್ನು ಇದ್ದ ಜಾಗಕ್ಕೆ ಇಡಿಸಿ. ಸುಳ್ಳು ಎಂಬುದು ನಿಮ್ಮ ಖಚಿತ ಅಭಿಪ್ರಾಯವಾದರೆ, ದಯಮಾಡಿ ಖುದ್ದಾಗಿ ಆ ಮನೆಗೆ ಹೋಗಿ, ಮಗ ಎಲ್ಲಿದ್ದಾನೆಂದು ಆಕೆಗೆ ಹೇಳಿ. ಕದ ತಟ್ಟಬೇಕಾಗಿಲ್ಲ, ತೆರೆದೇ ಇರುತ್ತದೆ. ಆದರೆ ಹೆಜ್ಜೆ ಸಪ್ಪಳ ಮಾಡದೆ ಹೋಗಿ. ಹೊರಗೆ ಸಪ್ಪಳವಾದರೆ ಆಕೆ ಬಡಿಸಲು ಎದ್ದುಬಿಡುತ್ತಾರೆ.

ಇಂತಿ,
ಹೇಳಬೇಕಾದಾಗ ಹೇಳದೆ ಈಗ ಬಾಯಿಬಿಟ್ಟ
ಒಬ್ಬ ತಂಗಿ