ಪಕ್ಕದ ಸೀಟಿನ ಬ್ರೇಕು

ಮಂಗಳವಾರ, ಹದಿನಾಲ್ಕನೇ ತಾರೀಖು

ಮುನಿಸಿಕೊಂಡು ಹೋದ ನನ್ನ ಪುಟ್ಟಿಗೆ,

ಚಿಕ್ಕಮ್ಮನ ಮನೆಯಲ್ಲಿ ಹೊಟ್ಟೆತುಂಬ ಉಣ್ಣುತ್ತಿದ್ದೀಯಾ ಎಂದು ಕೇಳುವುದಿಲ್ಲ. ಇಪ್ಪತ್ತಾರು ವರ್ಷದವಳನ್ನು ಹಾಗೆಲ್ಲ ಕೇಳಬಾರದೆಂದು ನಿನ್ನ ಅಪ್ಪ ಎದುರಿಗೇ ಕುಳಿತು ಕಾವಲು ಕಾಯುತ್ತಿದ್ದಾರೆ.

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ನಿನ್ನ ಕೈಗೆ ಬಂದಿತ್ತು. ಬೇಕಾದದ್ದು ಕಾರಿನ ಲೈಸೆನ್ಸ್ ಒಂದೇ. ಎರಡು ಸಲ ಫೇಲಾದೆ. ನನ್ನ ಕೈಲಿ ಆಗಲ್ಲ ಅಂತ ಶುಕ್ರವಾರ ಆ ಕೆಲಸವನ್ನೇ ಬೇಡವೆಂದು ಬರೆದುಕೊಡುತ್ತೀಯಂತೆ. ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಅದಕ್ಕೇ ಈ ಪತ್ರ.

ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಕೈ ನಡುಗುವ ಅಜ್ಜಂದಿರಿಗೂ ಕಲಿಸಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ ನೋಡು. ಬೇರೆಯವರು ಕಲಿಯುವಾಗ, ಪಕ್ಕದ ಸೀಟಿನಲ್ಲಿ ನನಗೆಂದೇ ಇರುವ ಬ್ರೇಕನ್ನು ತೀರಾ ಅಪಾಯವಾದರೆ ಮಾತ್ರ ಒತ್ತುತ್ತೇನೆ. ನೀನು ಕೂತಾಗ ನನ್ನ ಕಾಲು ಅದರ ಮೇಲಿಂದ ಏಳುತ್ತಲೇ ಇರಲಿಲ್ಲ. ತಿರುವು ಬರುವ ಮೊದಲೇ, ದೂರದಲ್ಲೊಂದು ಸೈಕಲ್ ಕಂಡರೂ, ಮೆಲ್ಲಗೆ ಅದುಮುತ್ತಿದ್ದೆ. ಕಾರು ನಿಂತಾಗ, ನಿಲ್ಲಿಸಿದ್ದು ನೀನೇ ಎಂದು ನೀನು ನಂಬಿದ್ದೆ, ಪಾಪ. ಮೊದಲ ಪರೀಕ್ಷೆಯಲ್ಲಿ ಬೇರೆ ಕಾರು ಕೊಟ್ಟರು. ಅದರಲ್ಲಿ ಅಮ್ಮನ ಕಾಲು ಇರಲಿಲ್ಲ. ನಿಲ್ಲಿಸಬೇಕಾದ ಗೆರೆ ದಾಟಿ ಹೋಗಿ, ಅಡ್ಡ ಇಟ್ಟಿದ್ದ ಡ್ರಮ್ಮಿಗೆ ಗುದ್ದಿದೆ. ಅಂದು ಎಲ್ಲರೆದುರು ನೀನು ತಲೆ ತಗ್ಗಿಸಿದ್ದು ನನ್ನ ತಪ್ಪಿಗೆ.

ಆಮೇಲೆ ನೀನು ಅಪ್ಪನ ಹಳೇ ಕಾರು ತೆಗೆದುಕೊಂಡು ಮೈದಾನದಲ್ಲಿ ಅಭ್ಯಾಸ ಮಾಡಿದೆ. ಅಮ್ಮ ಮಾತ್ರ ಬರಕೂಡದು ಎಂದಿದ್ದೆ. ನಾನು ಬಂದಿದ್ದೆ ಕಣೇ, ಬೇಲಿಯಾಚೆ ನಿಂತಿದ್ದೆ. ನೀನು ಎಷ್ಟು ಹದವಾಗಿ ನಿಲ್ಲಿಸುತ್ತಿದ್ದೆ! ನನಗೆ ಖುಷಿಯಾಗಬೇಕಿತ್ತು. ಬದಲಿಗೆ, ಇನ್ನು ಇವಳಿಗೆ ನಾನು ಯಾಕೆ ಬೇಕು ಅನ್ನಿಸಿತು. ಇಷ್ಟು ವರ್ಷ ಪ್ರೀತಿ ಅಂದುಕೊಂಡಿದ್ದರಲ್ಲಿ ಈ ಭಯದ ಪಾಲು ಎಷ್ಟಿತ್ತೋ ಗೊತ್ತಿಲ್ಲ.

ನಿನ್ನ ಕೈಲಿ ಆಗುತ್ತದೆ ಕಂದಾ. ಶುಕ್ರವಾರ ಏನನ್ನೂ ಬರೆದುಕೊಡಬೇಡ.

ನಿನ್ನ ಬೈಗುಳಕ್ಕೆ ಸಿದ್ಧಳಾಗಿ ಕೂತಿರುವ,
ಅಮ್ಮ

ಇನ್ನೊಂದು ಮಾತು: ಮೇಲಿನದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಇದನ್ನು ಅವರು ಎದ್ದುಹೋದ ಮೇಲೆ ಬರೆಯುತ್ತಿದ್ದೇನೆ. ಎರಡನೇ ಸಲ ನೀನು ಫೇಲಾಗಿರಲಿಲ್ಲ. ಪರೀಕ್ಷೆ ನಡೆಸಿದ ಇನ್ಸ್‌ಪೆಕ್ಟರು ನನ್ನನ್ನು ಬದಿಗೆ ಕರೆದು, ಮಗಳು ಚೆನ್ನಾಗಿ ಓಡಿಸ್ತಾಳೆ ಮೇಡಂ, ಪಾಸ್ ಮಾಡ್ತೀನಿ ಅಂದರು. ಇನ್ನೊಂದು ತಿಂಗಳು ಕಲೀಲಿ ಸಾರ್, ಈ ಸಲ ಬೇಡ ಅಂತ ಗೋಗರೆದವಳು ನಾನು. ಲೈಸೆನ್ಸ್ ತರಲು ಇನ್ನೊಂದು ಅವಕಾಶ ಕೊಡಿ ಎಂದು ಕೆಲಸ ಕೊಡುವವರಿಗೆ ಈ ಹಾಳೆಯನ್ನೇ ತೋರಿಸು. ನನ್ನ ಸ್ಕೂಲಿನ ಹೆಸರು, ಫೋನ್ ನಂಬರು ಹಿಂದುಗಡೆ ಬರೆದಿದ್ದೇನೆ.