ಗಡಿಕಲ್ಲಿನಿಂದ ಹದಿನಾಲ್ಕು ಅಡಿ

ನನ್ನ ಬೆಂಚಿನ ಗೆಳೆಯ ಬೆಳ್ಯಪ್ಪನಿಗೆ,

ನಿನ್ನ ಬಸ್ಸು ಸಂಪಾಜೆಯ ತಿರುವಿನಲ್ಲಿ ಉರುಳಿದ ಬೆಳಿಗ್ಗೆ ನಾನೂ ಅಲ್ಲಿಗೆ ಬಂದಿದ್ದೆ. ನೀನು ಕಂಡಕ್ಟರ್, ನಾನು ಪೊಲೀಸ್ ಪೇದೆ. ರಸ್ತೆಯ ಅಂಚಿನಲ್ಲಿ ನಿಂತು ಕೂಗಿದಾಗ ಕೆಳಗಿನಿಂದ ನಮ್ಮ ಅರೆಭಾಷೆಯಲ್ಲಿ ನಿನ್ನ ದನಿಯೇ ಬಂತು. "ಕಾಲ್ ಸಿಕ್ಕುಟು ಮಾರಾಯ, ನೆತ್ತರ್ ಹೋಗ್ತುಟ್ಟು. ಹಗ್ಗ ಉಟ್ಟಾ?"

ಹಗ್ಗ ಇತ್ತು. ಮಡಿಕೇರಿಯಿಂದ ಬಂದ ನಮ್ಮ ಬೆಂಕಿ ಆರಿಸುವ ಲಾರಿಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಆಚೆ ಮದರಾಸು ರಾಜ್ಯದ ಕಡೆಯಿಂದ ಡಾಕ್ಟರೂ ಸ್ಟ್ರೆಚರೂ ಬಂದಿದ್ದವು. ಕೊಡಗು ರಾಜ್ಯದ ನಮ್ಮಲ್ಲಿ ಡಾಕ್ಟರಿಲ್ಲ, ಅವರಲ್ಲಿ ಹಗ್ಗವಿಲ್ಲ. ಎರಡನ್ನೂ ಸೇರಿಸಿದ್ದರೆ... ಸೇರಿಸಬೇಕಾದ ಇಬ್ಬರು ಮಹಾನುಭಾವರು ಗರಿಗರಿ ಇಸ್ತ್ರಿಯಲ್ಲಿ ಗಡಿಕಲ್ಲಿನ ಆಚೀಚೆ ನಿಂತಿದ್ದರು.

"ಬಸ್ಸು ನಿಮ್ ಲಿಮಿಟ್ಟಲ್ಲಿ ಬಿದ್ದಿರೋದು ಕಣ್ರೀ. ನಮ್ ಹಗ್ಗ ಯಾಕೆ ಇಳಿಸ್ಲಿ?" ಎಂದರು ನಮ್ಮ ಸಾಹೇಬರು.

"ಅಳತೆ ಆಗದೆ ನಮ್ಮ ಡಾಕ್ಟರು ಇಳಿಯುದು ಹೇಗೆ ಮಾರಾಯ್ರೆ?" ಎಂದರು ಆ ಕಡೆಯವರು.

ಟೇಪು ತರಿಸಿದರು. ಅದರ ತುದಿ ಯಾರ ಕೈಯಲ್ಲಿತ್ತು ಹೇಳು? ನನ್ನ ಕೈಯಲ್ಲಿ. ನೀನು ಎರಡು ಸಲ ನನ್ನ ಹೆಸರು ಹಿಡಿದು ಕರೆದೆ. ಎರಡು ಸಲವೂ "ಬಂದೆ" ಎಂದೆ. ಟೇಪು ಸಡಿಲವಾಯಿತೆಂದು ಸಾಹೇಬರು ಗದರಿದರು, ಮತ್ತೆ ಕಲ್ಲಿನಿಂದ ಎಳೆದೆವು. ಮೂರನೇ ಸಲ ನೀನು ಕರೆಯಲಿಲ್ಲ.

ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ಹಳ್ಳದಲ್ಲಿ ನಾನು ಜಾರಿದ್ದು ನೆನಪಿದೆಯಾ? ಆಗ ನೀನು ಯಾರ ಅಪ್ಪಣೆ ಕೇಳಿ ನನ್ನ ಕೈ ಹಿಡಿದೆ?

ಕೊನೆಗೆ ಎಲ್ಲರನ್ನೂ ಮೇಲೆ ತಂದವರು ಪಕ್ಕದ ಎಸ್ಟೇಟಿನ ಲೈನ್‌ಮನೆಗಳ ಕೂಲಿಯಾಳುಗಳು. ಕಾಫಿ ಮೂಟೆ ಕಟ್ಟುವ ಹಗ್ಗಗಳನ್ನು ಗಂಟು ಹಾಕಿಕೊಂಡು, ಯಾವ ಸಾಹೇಬನ ಮುಖವನ್ನೂ ನೋಡದೆ ಇಳಿದರು. ಗಾಯಗೊಂಡ ಬೇರೆಯವರೆಲ್ಲ ಬದುಕುಳಿದರು. ನಿನ್ನ ಮೈ ಇನ್ನೂ ಬೆಚ್ಚಗಿತ್ತು, ಉಸಿರು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಅಳತೆಯೂ ಮುಗಿದಿತ್ತು. ಬಸ್ಸು ಹದಿನಾಲ್ಕು ಅಡಿ ನಮ್ಮ ಕಡೆಗೇ ಇತ್ತು. ನಮ್ಮ ಸಾಹೇಬರು ಗಂಟಲು ಸರಿಮಾಡಿಕೊಂಡು, "ಸರಿ, ಹಗ್ಗ ಇಳಿಸ್ರಪ್ಪ" ಎಂದರು. ಥೂ, ಇಂಥವರಿಗೂ ದಿನಾ ಸಲ್ಯೂಟ್ ಹೊಡೆದೆ.

ನಿನಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಈಗ ಎರಡು ಕಡೆಯೂ ಒಂದೇ ರಾಜ್ಯ. ನಿನ್ನೆ ಅದೇ ತಿರುವಿನಲ್ಲಿ ಅದೇ ಇಬ್ಬರು ಸಾಹೇಬರು ಪರಸ್ಪರ ಹಾರ ಹಾಕಿಕೊಂಡರು. "ಇನ್ನು ನಾವೆಲ್ಲ ಒಂದೇ ಮನೆಯವರು" ಎಂದಾಗ ಜನ ಚಪ್ಪಾಳೆ ತಟ್ಟಿದರು. ಗಡಿಕಲ್ಲು ಕೀಳಲು ಹಾರೆ ಕೊಟ್ಟದ್ದು ನನ್ನ ಕೈಗೇ. ಬೆವರು ಇಳಿಯುವಷ್ಟು ಕೆಲಸವಿದ್ದೀತು ಎಂದುಕೊಂಡಿದ್ದೆ.

ನಾಲ್ಕೇ ಏಟಿಗೆ ಮೇಲೆ ಬಂತು ಬೆಳ್ಯಪ್ಪ. ಮಣ್ಣಿನೊಳಗೆ ಇದ್ದದ್ದು ಒಂದು ಮೊಳವೂ ಇಲ್ಲ.

ಟೇಪು ಬಿಡದೆ ನಿಂತಿದ್ದ ನಿನ್ನ ಗೆಳೆಯ,
ಪೂವಯ್ಯ